80ರಿಂದ 60ಕ್ಕೆ: ತರಕಾರಿ ಗಾಡಿಯ ಡೀಸೆಲ್ ಲೆಕ್ಕ, ಜೀವದ ಲೆಕ್ಕ



ಬೀಜಕ್ಕೆ ಎಷ್ಟು, ಕೊಟ್ಟಿಗೆ ಗೊಬ್ಬರಕ್ಕೆ ಎಷ್ಟು, ಕೂಲಿಗೆ ಎಷ್ಟು ಅಂತ ನಾವೆಲ್ಲ ಈಗ ಮೊಬೈಲಲ್ಲೇ ಬರೆದಿಡ್ತೀವಿ. ಆದರೆ ಮಾಲು ತೋಟದ ಗೇಟು ದಾಟಿದ ಮೇಲೆ ಆಗುವ ಖರ್ಚನ್ನೆಲ್ಲ 'ಗಾಡಿ ಖರ್ಚು' ಅಂತ ಒಂದೇ ಸಾಲಲ್ಲಿ ಬರೆದು ಮುಗಿಸಿಬಿಡ್ತೀವಿ. ಈ ವಾರ ಆ ಒಂದು ಸಾಲನ್ನು ಬಿಡಿಸಿ ನೋಡೋಣ. ಕೀಟದ ವಿಷಯ, ಗೊಬ್ಬರದ ವಿಷಯ ಇಲ್ಲ. ಹೆದ್ದಾರಿಯಲ್ಲಿ ನಮ್ಮ ಗಾಡಿ ಎಷ್ಟು ಸ್ಪೀಡಲ್ಲಿ ಓಡಬೇಕು ಅನ್ನೋದಷ್ಟೇ ವಿಷಯ.

ನಾನು ತೋಟಗಾರಿಕೆ ಪದವಿ ಓದಿದವನು. ಕಾಲೇಜಿನಲ್ಲಿ ಕೊಯ್ಲೋತ್ತರ ನಿರ್ವಹಣೆ ಅಂತ ಒಂದು ವಿಷಯವೇ ಇತ್ತು. ಪ್ಯಾಕಿಂಗ್, ಶೀತಲಗೃಹ, ಸಾಗಣೆ ನಷ್ಟ ಎಲ್ಲ ಓದಿ ಪಾಸಾದೆ. ಆದರೆ ಸಾಗಣೆ ಮಾಡುವವನು ಆಕ್ಸಿಲರೇಟರ್ ಮೇಲೆ ಕಾಲು ಹೇಗಿಡಬೇಕು ಅಂತ ಕಲಿತದ್ದು ರಸ್ತೆಯಲ್ಲಿ, ಅದೂ ಹೆದರಿಕೊಂಡು.

ಆ ರಾತ್ರಿ ಆಗಿದ್ದು

ನಮ್ಮ ತೋಟ ಇರೋದು ಸಿರಾ ಕಡೆ. ವಾರಕ್ಕೆ ಎರಡು ಸಲ ಸೊಪ್ಪು, ಟೊಮೆಟೊ, ಬೀನ್ಸ್ ತುಂಬಿಕೊಂಡು ಪಿಕಪ್‌ನಲ್ಲಿ ಬೆಂಗಳೂರಿಗೆ ಹೋಗ್ತೀನಿ. ಸುಮಾರು 120 ಕಿಲೋಮೀಟರ್. ತುಮಕೂರು, ನೆಲಮಂಗಲ ದಾಟಿ ರಾಷ್ಟ್ರೀಯ ಹೆದ್ದಾರಿ 48ರಲ್ಲೇ ದಾರಿ. ಬೆಳಗ್ಗೆ ಐದೂವರೆಗೆ ಅಂಗಡಿಯವರ ಕೈಗೆ ಮಾಲು ಸೇರಬೇಕು.

ಸಾವಯವ ಶುರು ಮಾಡಿದ ಎರಡನೇ ವರ್ಷ. ಆವತ್ತು ಕೂಲಿಯವರು ತಡವಾಗಿ ಬಂದರು, ಕೊತ್ತಂಬರಿ ಕಟ್ಟು ಕಟ್ಟುವಷ್ಟರಲ್ಲಿ ರಾತ್ರಿ ಹನ್ನೆರಡಾಯ್ತು. ಲೋಡ್ ಮಾಡಿ ಹೊರಡುವಾಗ ಮೂರು ಗಂಟೆ ಆಗ್ತಾ ಬಂದಿತ್ತು. ಪಕ್ಕದ ಸೀಟಲ್ಲಿ ನಮ್ಮ ಬೀದಿಯ ಹುಡುಗ, ಡಿಗ್ರಿ ಓದ್ತಾ ರಜೆಯಲ್ಲಿ ಅನ್‌ಲೋಡಿಗೆ ಬರ್ತಿದ್ದ. ಹೊರಡುವಾಗ ಅವರಮ್ಮ ಬಾಗಿಲಲ್ಲಿ ನಿಂತು, "ಹುಷಾರಪ್ಪ, ಮಗು ಮಲಗಿಬಿಡ್ತಾನೆ, ನೀನು ಮಾತ್ರ ಮಲಗಬೇಡ" ಅಂದಿದ್ದರು.

ಮಲಗಲಿಲ್ಲ. ಆದರೆ ಹೋದ ಟೈಮು ಹಿಡಿಯೋಕೆ ಅಂತ ಕಾಲು ಒತ್ತಿಯೇ ಇಟ್ಟಿದ್ದೆ. ಮುಳ್ಳು 80 ಬಿಟ್ಟು ಕೆಳಗೆ ಇಳಿದೇ ಇರಲಿಲ್ಲ. ತುಮಕೂರಿಗೆ ಇನ್ನೂ ಸ್ವಲ್ಪ ದೂರ ಇರುವಾಗ, ರಸ್ತೆಯ ಮೇಲೆ ಕಪ್ಪಗೆ ಒಂದು ಗುಡ್ಡೆ ಕಂಡಿತು. ರಾಗಿ ಹುಲ್ಲು ತುಂಬಿದ ಟ್ರ್ಯಾಕ್ಟರ್ ಟ್ರೇಲರ್. ಹಿಂದೆ ಲೈಟಿಲ್ಲ, ಹುಲ್ಲು ಎರಡೂ ಕಡೆ ಇಳಿಬಿದ್ದು ರಿಫ್ಲೆಕ್ಟರ್ ಮುಚ್ಚಿಹೋಗಿತ್ತು. ಬ್ರೇಕ್ ಪೂರ್ತಿ ತುಳಿದೆ, ನಿಲ್ಲಲಿಲ್ಲ. ಬಲಕ್ಕೆ ಎಳೆದೆ. ಹಿಂದೆ ಬಲಗಡೆ ಲೇನಲ್ಲಿ ಆ ಹೊತ್ತಿಗೆ ಯಾವ ಬಸ್ಸೂ ಲಾರಿಯೂ ಇರಲಿಲ್ಲ. ಅಷ್ಟೇ ಪುಣ್ಯ. ಆರು ಕ್ರೇಟ್ ಟೊಮೆಟೊ ರಸ್ತೆ ಪಾಲಾಯ್ತು. ಹುಡುಗ ಎಚ್ಚರಾಗಿ, "ಏನಣ್ಣ, ಬೆಂಗಳೂರು ಬಂತಾ?" ಅಂದ.

ತಪ್ಪು ಟ್ರ್ಯಾಕ್ಟರಿನವರದ್ದೂ ಇತ್ತು, ನಿಜ. ಆದರೆ ಅವರ ಲೈಟು ನನ್ನ ಕೈಯಲ್ಲಿ ಇಲ್ಲ. ನನ್ನ ಕೈಯಲ್ಲಿ, ಅಲ್ಲ, ಕಾಲಲ್ಲಿ ಇದ್ದದ್ದು ಸ್ಪೀಡು ಒಂದೇ. ಆವತ್ತಿಂದ ಇದರ ಲೆಕ್ಕ ಹಾಕೋಕೆ ಶುರು ಮಾಡಿದೆ.

ಮೊದಲು ಮಿತಿ ತಿಳ್ಕೊಳ್ಳಿ

2018ರಲ್ಲಿ ಕೇಂದ್ರ ಸರ್ಕಾರ ಗರಿಷ್ಠ ವೇಗದ ಮಿತಿಯನ್ನು ಪರಿಷ್ಕರಿಸಿ ಅಧಿಸೂಚನೆ ಹೊರಡಿಸಿತು. ಮಧ್ಯೆ ಡಿವೈಡರ್ ಇರುವ ನಾಲ್ಕು ಲೇನ್ ಹೆದ್ದಾರಿಯಲ್ಲಿ ಕಾರಿಗೆ 100 ಇದೆ. ಇದನ್ನು ನೋಡಿ ನಮ್ಮ ಪಿಕಪ್‌ಗೂ 100 ಅಂತ ತುಂಬಾ ಜನ ತಿಳ್ಕೊಂಡಿದ್ದಾರೆ. ಅದು ತಪ್ಪು.

- ಸರಕು ವಾಹನ (ಪಿಕಪ್, ಮಿನಿ ಟ್ರಕ್, ಲಾರಿ): ನಾಲ್ಕು ಲೇನ್ ಹೆದ್ದಾರಿಯಲ್ಲಿ 80, ಬೇರೆ ರಸ್ತೆಗಳಲ್ಲಿ 60.
- ಬೈಕು: ನಾಲ್ಕು ಲೇನ್‌ನಲ್ಲಿ 80, ಬೇರೆ ರಸ್ತೆಯಲ್ಲಿ 60.
- ಮೂರು ಚಕ್ರದ ಲಗೇಜ್ ಆಟೋ: 50.

ಇವು ಮೇಲಿನ ಮಿತಿ ಮಾತ್ರ. ರಸ್ತೆ ಬದಿಯ ಬೋರ್ಡಿನಲ್ಲಿ ಇದಕ್ಕಿಂತ ಕಡಿಮೆ ಬರೆದಿದ್ದರೆ ಬೋರ್ಡೇ ಲೆಕ್ಕ. ಇನ್ನೊಂದು ಮಾತು: ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಬಿಡೋದಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಮಂಡ್ಯ, ರಾಮನಗರ ಕಡೆಯ ಗೆಳೆಯರಿಗೆ ಇದು ಗೊತ್ತೇ ಇದೆ.

80 ಅಂದ್ರೆ 'ಇದಕ್ಕಿಂತ ಮೇಲೆ ಹೋಗಬೇಡ' ಅಂತ. 'ಇಷ್ಟರಲ್ಲೇ ಹೋಗು' ಅಂತ ಅಲ್ಲ. ಈ ಒಂದು ವ್ಯತ್ಯಾಸದಲ್ಲೇ ದುಡ್ಡೂ ಇದೆ, ಜೀವವೂ ಇದೆ.

ಗಾಡಿ ನಿಲ್ಲೋಕೆ ಎಷ್ಟು ದೂರ ಬೇಕು?

ಅಡ್ಡ ಏನಾದರೂ ಕಂಡ ಕೂಡಲೇ ಗಾಡಿ ನಿಲ್ಲೋದಿಲ್ಲ. ಕಣ್ಣು ನೋಡಿ, ತಲೆಗೆ ಹೊಳೆದು, ಕಾಲು ಬ್ರೇಕ್ ಮೇಲೆ ಬರೋಕೆ ಸುಮಾರು ಒಂದು ಸೆಕೆಂಡ್ ಬೇಕು. ಆ ಒಂದು ಸೆಕೆಂಡಲ್ಲಿ ಗಾಡಿ 60ರಲ್ಲಿ ಇದ್ದರೆ 17 ಮೀಟರ್ ಮುಂದೆ ಹೋಗಿರುತ್ತೆ, 80ರಲ್ಲಿ ಇದ್ದರೆ 22 ಮೀಟರ್.

ಆಮೇಲೆ ಬ್ರೇಕ್ ಹಿಡಿದು ನಿಲ್ಲುವ ದೂರ. ಇಲ್ಲಿ ಒಂದು ಗುಟ್ಟಿದೆ: ಈ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತೆ. ವೇಗ ಎರಡು ಪಟ್ಟಾದರೆ ದೂರ ನಾಲ್ಕು ಪಟ್ಟು. ರಸ್ತೆ ಒಣಗಿದೆ, ಬ್ರೇಕು ಚೆನ್ನಾಗಿದೆ, ಲೋಡ್ ಇದೆ ಅಂತ ಇಟ್ಟುಕೊಂಡು ಲೆಕ್ಕ ಹಾಕಿದರೆ ಒಟ್ಟು ದೂರ ಹೀಗೆ ಬರುತ್ತೆ:

- 60ರಲ್ಲಿ: 17 + 28 = ಸುಮಾರು 45 ಮೀಟರ್
- 80ರಲ್ಲಿ: 22 + 50 = ಸುಮಾರು 72 ಮೀಟರ್
- 100ರಲ್ಲಿ: 28 + 77 = ಸುಮಾರು 105 ಮೀಟರ್

ಡಿಮ್ ಲೈಟಲ್ಲಿ 40-50 ಮೀಟರ್ ಆಚೆ ಇರುವ ಕಪ್ಪು ಗುಡ್ಡೆ ಸರಿಯಾಗಿ ಕಾಣೋದಿಲ್ಲ. ಅಂದ್ರೆ 60ರಲ್ಲಿ ಇರುವವನು ಕಂಡಮೇಲೂ ನಿಲ್ಲಬಹುದು. 80ರಲ್ಲಿ ಇರುವವನು ಕಣ್ಣಿಗೆ ಕಾಣದ ಜಾಗಕ್ಕೆ ಗಾಡಿ ಬಿಟ್ಟ ಹಾಗೆ.

ನನ್ನನ್ನು ನಿಜವಾಗಿ ನಡುಗಿಸಿದ ಲೆಕ್ಕ ಮುಂದಿದೆ. 60ರಲ್ಲಿ ಹೋಗ್ತಿದ್ದ ಗಾಡಿ 45 ಮೀಟರಿಗೆ ಪೂರ್ತಿ ನಿಂತಿರುತ್ತಲ್ಲ, ಅದೇ ಜಾಗಕ್ಕೆ 80ರ ಗಾಡಿ ಬಂದಾಗ, ಬ್ರೇಕ್ ಪೂರ್ತಿ ತುಳಿದಿದ್ದರೂ, ಅದರ ವೇಗ ಇನ್ನೂ ಸುಮಾರು 59 ಇರುತ್ತೆ! ಒಬ್ಬ ನಿಂತು ಬೈಕೊಂಡು ಮುಂದೆ ಹೋಗ್ತಾನೆ, ಇನ್ನೊಬ್ಬ 59ರಲ್ಲಿ ಗುದ್ದುತ್ತಾನೆ. ಹೊರಡುವಾಗ ಇಬ್ಬರ ನಡುವೆ ಇದ್ದ ವ್ಯತ್ಯಾಸ 20 ಮಾತ್ರ.

ಮಳೆ ಬಂದರೆ, ಟೈರು ಸವೆದಿದ್ದರೆ, ಲೋಡ್ ಜಾಸ್ತಿಯಾದರೆ ಈ ದೂರ ಇನ್ನೂ ಹೆಚ್ಚುತ್ತೆ. ನಿದ್ದೆಗಣ್ಣಲ್ಲಿ ಆ ಒಂದು ಸೆಕೆಂಡ್ ಎರಡಾದರೆ, 80ರಲ್ಲಿ ಇನ್ನೂ 22 ಮೀಟರ್ ಸೇರಿಸ್ಕೊಳ್ಳಿ. ನಾವು ಮಾರ್ಕೆಟ್‌ಗೆ ಹೊರಡೋದೇ ನಿದ್ದೆ ಎಳೆಯೋ ಹೊತ್ತಲ್ಲಿ ಅನ್ನೋದು ಮರೀಬೇಡಿ.

ಇದು ನನ್ನೊಬ್ಬನ ಹೆದರಿಕೆ ಅಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ನೂರಕ್ಕೆ 71ರಷ್ಟು ಸಾವು ಅತಿವೇಗದ ಲೆಕ್ಕದಲ್ಲಿದೆ.

ಡೀಸೆಲ್ ಎಲ್ಲಿಗೆ ಹೋಗುತ್ತೆ?

ಚಲಿಸುವ ಗಾಡಿಯನ್ನು ಗಾಳಿ ಹಿಂದಕ್ಕೆ ತಳ್ತಾ ಇರುತ್ತೆ. ಬೈಕಲ್ಲಿ 40ರಲ್ಲಿ ಹೋದಾಗ ಶರ್ಟು ಸುಮ್ಮನಿರುತ್ತೆ, 80ಕ್ಕೆ ಹೋದಾಗ ಪಟಪಟ ಹೊಡ್ಕೊಳ್ಳುತ್ತೆ, ಗಮನಿಸಿದ್ದೀರಲ್ಲ? ಈ ಗಾಳಿಯ ತಡೆಯೂ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. 60ರಲ್ಲಿ ಅದು 100 ಇದ್ದರೆ 80ರಲ್ಲಿ 178. ಕಾರಿಗಿಂತ ನಮ್ಮ ಪಿಕಪ್‌ಗೆ ಈ ಏಟು ಜಾಸ್ತಿ. ಮುಖ ಚಪ್ಪಟೆ, ಹಿಂದೆ ಕ್ಯಾಬಿನ್ನಿಗಿಂತ ಎತ್ತರಕ್ಕೆ ಜೋಡಿಸಿದ ಕ್ರೇಟು, ಅದರ ಮೇಲೆ ಹಾರಾಡುವ ಟಾರ್ಪಾಲು. ಆ ಪಟಪಟ ಸದ್ದು ನಿಮ್ಮ ಡೀಸೆಲ್ ಗಾಳಿಗೆ ಹೋಗ್ತಿರೋ ಸದ್ದು.

ಹಾಗಂತ ತೀರಾ ನಿಧಾನಕ್ಕೆ, ಕೆಳಗಿನ ಗೇರಲ್ಲಿ ಉರುಳಿಸಿದರೆ ಮೈಲೇಜ್ ಬರೋದಿಲ್ಲ. ಎಂಜಿನ್ ತಿಣುಕದೆ ಟಾಪ್ ಗೇರಲ್ಲಿ ಹಗುರವಾಗಿ ಓಡುವ ವೇಗ ಬೇಕು. ನಮ್ಮಂಥ ಗಾಡಿಗಳಿಗೆ ಅದು 55ರಿಂದ 65ರ ಒಳಗೆ ಸಿಗುತ್ತೆ.

ನನ್ನ ಗಾಡಿಯಲ್ಲಿ 80ರ ಓಟದಲ್ಲಿ ಲೀಟರಿಗೆ 12 ಕಿಲೋಮೀಟರ್ ಆಸುಪಾಸು ಬರ್ತಿತ್ತು. 60ಕ್ಕೆ ಇಳಿಸಿದ ಮೇಲೆ 14ರ ಆಸುಪಾಸಿಗೆ ಬಂತು. ನಿಮ್ಮ ಗಾಡಿ, ಲೋಡು, ರಸ್ತೆ ಬೇರೆ, ಹಾಗಾಗಿ ನಿಮ್ಮ ಅಂಕಿಯೂ ಬೇರೆ. ಆದರೆ ಲೆಕ್ಕದ ದಾರಿ ಒಂದೇ:

- ಹೋಗಿ ಬರೋಕೆ 240 ಕಿಲೋಮೀಟರ್.
- ಲೀಟರಿಗೆ 12 ಬಂದರೆ 20 ಲೀಟರ್ ಬೇಕು.
- ಲೀಟರಿಗೆ 14 ಬಂದರೆ 17.14 ಲೀಟರ್ ಸಾಕು.
- ಉಳಿತಾಯ 2.86 ಲೀಟರ್. ಲೀಟರಿಗೆ 90 ರೂಪಾಯಿ ಅಂತ ಹಿಡಿದರೂ ಟ್ರಿಪ್ಪಿಗೆ 257 ರೂಪಾಯಿ.
- ವಾರಕ್ಕೆ ಎರಡು ಟ್ರಿಪ್, ವರ್ಷಕ್ಕೆ 104. ಒಟ್ಟು ಸುಮಾರು 26,700 ರೂಪಾಯಿ.

ಈ 26,700 ರೂಪಾಯಿಗೆ ನೀವು ಬೆಳೆ ಹೆಚ್ಚು ಬೆಳೀಬೇಕಾಗಿಲ್ಲ, ರೇಟು ಜಾಸ್ತಿ ಕೇಳಬೇಕಾಗಿಲ್ಲ. ಕಾಲು ಸ್ವಲ್ಪ ಎತ್ತಿದರೆ ಸಾಕು.

ಹೋಗುವ ಟೈಮಿನ ಕಥೆ ಏನು?

"ಅಣ್ಣ, ಟೈಮಿಗೂ ಬೆಲೆ ಇದೆ" ಅಂತೀರಿ. ಇದೆ. ಅದನ್ನೂ ಲೆಕ್ಕ ಹಾಕೋಣ.

120 ಕಿಲೋಮೀಟರಲ್ಲಿ ನಿಜವಾಗಿ ಬಿಡುವಾಗಿ ಓಡಿಸೋಕೆ ಸಿಗೋದು 100 ಅಂತ ಇಟ್ಟುಕೊಳ್ಳಿ. ಅದನ್ನು 80ರಲ್ಲಿ ಓಡಿಸಿದರೆ 75 ನಿಮಿಷ, 60ರಲ್ಲಿ 100 ನಿಮಿಷ. ವ್ಯತ್ಯಾಸ 25 ನಿಮಿಷ. ಅದೂ ಎಲ್ಲೂ ಬ್ರೇಕ್ ಹಿಡಿಯದೆ ಒಂದೇ ಸಮ 80ರಲ್ಲಿ ಓಡಿಸಿದರೆ. ನಿಜದಲ್ಲಿ ಟೋಲು, ಕ್ರಾಸು, ನೆಲಮಂಗಲ, ಗೊರಗುಂಟೆಪಾಳ್ಯ ಎಲ್ಲ ಇವೆ. ನನ್ನನ್ನು ಸುಂಯ್ ಅಂತ ದಾಟಿ ಹೋದ ಗಾಡಿ ಟೋಲಲ್ಲಿ ನನ್ನ ಮುಂದೆ ಎರಡನೆಯದಾಗಿ ನಿಂತಿರೋದನ್ನು ಎಷ್ಟೋ ಸಲ ನೋಡಿದ್ದೀನಿ.

ಇರಲಿ, ಪೂರ್ತಿ 25 ನಿಮಿಷವೇ ಹೋಯ್ತು ಅನ್ನೋಣ. ಒಂದು ಕಡೆಯ ಡೀಸೆಲ್ ಉಳಿತಾಯ 128 ರೂಪಾಯಿ. 25 ನಿಮಿಷಕ್ಕೆ 128 ಅಂದ್ರೆ ಗಂಟೆಗೆ 300 ದಾಟುತ್ತೆ. ಸೀಟಲ್ಲಿ ಕೂತು ಗಂಟೆಗೆ 300 ರೂಪಾಯಿ ಕೊಡುವ ಕೆಲಸ ನಮ್ಮೂರಲ್ಲಿ ಬೇರೆ ಯಾವುದಿದೆ ಹೇಳಿ!

ಇಡೀ ದೇಶವೇ ಹೀಗೆ ಕಾಲು ಎತ್ತಿದ್ದೂ ಇದೆ. 1973ರ ಕೊನೆಯಲ್ಲಿ ಅರಬ್ ದೇಶಗಳು ತೈಲ ತಡೆದಾಗ ಅಮೆರಿಕದಲ್ಲಿ ಇಂಧನಕ್ಕೆ ಹಾಹಾಕಾರ ಆಯ್ತು. 1974ರ ಜನವರಿಯಲ್ಲಿ ಅಲ್ಲಿನ ಸರ್ಕಾರ ದೇಶದ ಹೆದ್ದಾರಿಗಳಿಗೆಲ್ಲ ಗಂಟೆಗೆ 55 ಮೈಲಿ, ಅಂದ್ರೆ ನಮ್ಮ ಲೆಕ್ಕದಲ್ಲಿ ಸುಮಾರು 88 ಕಿಲೋಮೀಟರ್ ಮಿತಿ ಹಾಕುವ ಕಾನೂನು ತಂತು. ಉದ್ದೇಶ ಇದ್ದದ್ದು ಪೆಟ್ರೋಲ್ ಉಳಿಸೋದು. ಆದರೆ 1973ರಲ್ಲಿ 54 ಸಾವಿರ ಇದ್ದ ರಸ್ತೆ ಸಾವು 1974ರಲ್ಲಿ 45 ಸಾವಿರದ ಹತ್ತಿರಕ್ಕೆ ಇಳೀತು. ಇಂಧನ ಸಿಗದೆ ಜನರ ಓಡಾಟವೇ ಕಡಿಮೆಯಾಗಿತ್ತು, ಅದೂ ಒಂದು ಕಾರಣ. ಆದರೂ ಇಂಧನ ಉಳಿಸೋಕೆ ಹಾಕಿದ ಮಿತಿ ಜೀವವನ್ನೂ ಉಳಿಸ್ತು ಅನ್ನೋದು ಅಲ್ಲಿನವರಿಗೆ ಆಗ ಕಂಡಿತು.

ಮಾಲಿಗೂ ಒಳ್ಳೆಯದು

ಇದು ನಮ್ಮ ಸಬ್ಜೆಕ್ಟು. ಟೊಮೆಟೊ ಹಾಳಾಗೋದು ಕೊಳೆತದಿಂದ ಮಾತ್ರ ಅಲ್ಲ. ಗಾಡಿ ಕುಲುಕಿದಾಗ ಮೇಲಿನ ಪದರದ ಹಣ್ಣು ಎಗರಿ ಬೀಳುತ್ತೆ, ಒಂದಕ್ಕೊಂದು ಉಜ್ಜುತ್ತೆ. ಆಗ ಆದ ಗಾಯ ಹೊರಗೆ ಕಾಣಲ್ಲ, ಮಾರನೇ ದಿನ ಅಂಗಡಿಯಲ್ಲಿ ಮೆತ್ತಗಾಗಿ ಕಾಣುತ್ತೆ. ಹಂಪ್ಸು, ಸೇತುವೆ ಜಾಯಿಂಟು, ಗುಂಡಿಗಳ ಮೇಲೆ ವೇಗ ಜಾಸ್ತಿಯಾದಷ್ಟೂ ಈ ಹೊಡೆತ ಜಾಸ್ತಿ.

ಸೊಪ್ಪಿಗೆ ಗಾಳಿಯೇ ಶತ್ರು. ತೆರೆದ ಗಾಡಿಯಲ್ಲಿ 80ರ ಗಾಳಿ ಎರಡು ಗಂಟೆ ಬಡಿದರೆ ಪಾಲಕ್, ಕೊತ್ತಂಬರಿ ತೇವ ಕಳ್ಕೊಂಡು ಬಾಡುತ್ತೆ, ತೂಕವೂ ಇಳಿಯುತ್ತೆ. ನಾನು ಒದ್ದೆ ಗೋಣಿಚೀಲ ಹೊದಿಸಿ, ಮೇಲೆ ಟಾರ್ಪಾಲನ್ನು ಬಿಗಿಯಾಗಿ ಎಳೆದು ಕಟ್ತೀನಿ. ಕ್ರೇಟಿನ ಎತ್ತರ ಆದಷ್ಟು ಕ್ಯಾಬಿನ್ ಮಟ್ಟ ದಾಟದ ಹಾಗೆ ನೋಡ್ಕೊಳ್ತೀನಿ. ಇದರಿಂದ ಸೊಪ್ಪೂ ಉಳಿಯುತ್ತೆ, ಗಾಳಿಯ ತಡೆಯೂ ಕಡಿಮೆಯಾಗುತ್ತೆ.

ನಿಧಾನ ಅಂದ್ರೆ ಎಲ್ಲಿ ಬೇಕಾದರೂ ನಿಧಾನ ಅಲ್ಲ

ಇದನ್ನು ಸರಿಯಾಗಿ ಓದ್ಕೊಳ್ಳಿ. ಬಲಗಡೆ ಲೇನಲ್ಲಿ 60ರಲ್ಲಿ ಹೋಗೋದು ಸುರಕ್ಷತೆ ಅಲ್ಲ, ಅಪಾಯ. ಹಿಂದಿನವನು ಎಡದಿಂದ ನುಗ್ತಾನೆ.

- ನಿಧಾನಕ್ಕೆ ಹೋಗುವ ಗಾಡಿ ಎಡ ಲೇನಲ್ಲೇ ಇರಬೇಕು. ಲೋಡ್ ಲಾರಿಗಳೂ ಹೆಚ್ಚುಕಮ್ಮಿ ಇದೇ ವೇಗದಲ್ಲಿ ಇರ್ತವೆ, ನಾವು ಯಾರಿಗೂ ಅಡ್ಡ ಆಗೋದಿಲ್ಲ.
- ಓವರ್‌ಟೇಕ್ ಮಾಡಲೇಬೇಕಾದರೆ ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಬಲಕ್ಕೆ ಹೋಗಿ, ದಾಟಿದ ಮೇಲೆ ಮತ್ತೆ ಎಡಕ್ಕೆ ಬನ್ನಿ.
- ನಾಲ್ಕು ಲೇನ್ ರಸ್ತೆಯಲ್ಲಿ ಕಾರಣ ಇಲ್ಲದೆ 30-40ರಲ್ಲಿ ಉರುಳಿಸಬೇಡಿ. ಗಾಡಿಗೆ ತೊಂದರೆ ಆಗಿದ್ದರೆ ಹಜಾರ್ಡ್ ಲೈಟ್ ಹಾಕಿ ರಸ್ತೆಯಿಂದ ಪೂರ್ತಿ ಇಳಿಸಿ.
- ಮುಂದಿನ ಗಾಡಿಗೂ ನಿಮಗೂ ಕನಿಷ್ಠ ಮೂರು ಸೆಕೆಂಡ್ ಅಂತರ ಇರಲಿ. ಅದು ಒಂದು ಕಂಬ ದಾಟಿದ ಕೂಡಲೇ 'ಒಂದು ಸಾವಿರ, ಎರಡು ಸಾವಿರ, ಮೂರು ಸಾವಿರ' ಅಂತ ಎಣಿಸಿ. ಎಣಿಕೆ ಮುಗಿಯುವ ಮುಂಚೆ ನೀವು ಕಂಬ ಮುಟ್ಟಿದರೆ ಹತ್ತಿರ ಇದ್ದೀರಿ ಅಂತ ಅರ್ಥ.
- ಇಳಿಜಾರಲ್ಲಿ, ಘಾಟಿಯಲ್ಲಿ ಡೀಸೆಲ್ ಉಳಿಯುತ್ತೆ ಅಂತ ನ್ಯೂಟ್ರಲ್ ಮಾಡಬೇಡಿ. ಈಗಿನ ಎಂಜಿನ್‌ಗಳು ಗೇರಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ ತಾವಾಗೇ ನಿಲ್ಲಿಸ್ತವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಐಡಲ್ ಓಡೋಕೆ ಡೀಸೆಲ್ ಕುಡಿಯುತ್ತೆ, ಜೊತೆಗೆ ಎಂಜಿನ್ನಿನ ಹಿಡಿತ ಹೋಗಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತೆ.
- ಟೈರಿನ ಗಾಳಿಯನ್ನು ಹೊರಡುವ ಮುಂಚೆ, ಟೈರು ತಣ್ಣಗಿದ್ದಾಗ ನೋಡಿ. ಗಾಳಿ ಕಡಿಮೆ ಇದ್ದರೆ ಡೀಸೆಲ್ಲೂ ಹೆಚ್ಚು ಕುಡಿಯುತ್ತೆ, ಟೈರು ಕಾದು ಸಿಡಿಯುವ ಭಯವೂ ಇದೆ.

ಟ್ರ್ಯಾಕ್ಟರ್ ಇಟ್ಟಿರುವ ಗೆಳೆಯರಿಗೆ ಕೈಮುಗಿದು ಕೇಳ್ಕೊಳ್ತೀನಿ: ಟ್ರೇಲರ್ ಹಿಂದೆ ಕೆಂಪು ರಿಫ್ಲೆಕ್ಟರ್ ಟೇಪು ಅಂಟಿಸಿ, ಹುಲ್ಲು ತುಂಬಿದಾಗ ಅದು ಮುಚ್ಚಿಹೋಗದ ಹಾಗೆ ನೋಡಿ. ರಾತ್ರಿ ಹೆದ್ದಾರಿಗೆ ಇಳಿಸದಿದ್ದರೆ ಇನ್ನೂ ಒಳ್ಳೆಯದು. ಹಿಂದಿನಿಂದ ಬರುವವನು ನಿಮ್ಮಂಥ ರೈತನೇ ಆಗಿರಬಹುದು.

ದಾರಿಯಲ್ಲಿ ಏನಾದರೂ ಆದರೆ ರಾಷ್ಟ್ರೀಯ ಹೆದ್ದಾರಿ ಸಹಾಯಕ್ಕೆ 1033, ತುರ್ತಿಗೆ 112. ಫೋನಲ್ಲಿ ಈಗಲೇ ಸೇವ್ ಮಾಡ್ಕೊಳ್ಳಿ. ಆದರೆ ಸ್ಟೇರಿಂಗ್ ಹಿಡಿದಾಗ ಫೋನು ಮುಟ್ಟಬೇಡಿ.

ಸ್ಪೀಡು ಶುರುವಾಗೋದು ತೋಟದಲ್ಲಿ

ಇಷ್ಟು ವರ್ಷದಲ್ಲಿ ನಾನು ಕಲಿತದ್ದರಲ್ಲಿ ಮುಖ್ಯವಾದದ್ದು ಇದು. ನಾನು ಆ ರಾತ್ರಿ 80 ದಾಟಿ ಓಡಿಸಿದ್ದು ಶೋಕಿಗಲ್ಲ. ತಡವಾಗಿತ್ತು, ಅದಕ್ಕೆ. ತಡ ಆಗಿದ್ದು ಹೆದ್ದಾರಿಯಲ್ಲಲ್ಲ, ಕೊತ್ತಂಬರಿ ಪಾತಿಯಲ್ಲಿ. ಹೊರಡುವ ಹೊತ್ತಿಗೆ ನನ್ನ ಸ್ಪೀಡು ಆಗಲೇ ನಿರ್ಧಾರ ಆಗಿಹೋಗಿತ್ತು.

ಹಾಗಾಗಿ ರಸ್ತೆಯಲ್ಲಿ ಮನಸ್ಸು ಬಿಗಿ ಹಿಡಿಯೋದಕ್ಕಿಂತ ತೋಟದ ಗಡಿಯಾರ ಸರಿ ಮಾಡೋದು ಸುಲಭ. ಈಗ ನಾನು ಟೊಮೆಟೊ, ಬೀನ್ಸ್ ಬೆಳಗ್ಗೆಯೇ ಬಿಡಿಸಿ ನೆರಳಲ್ಲಿ ಗ್ರೇಡ್ ಮಾಡಿಡ್ತೀನಿ. ಸೊಪ್ಪು ಮಾತ್ರ ಬಿಸಿಲು ಇಳಿದ ಮೇಲೆ, ಸಂಜೆ ಐದರಿಂದ ಏಳರೊಳಗೆ. ಒಂಬತ್ತಕ್ಕೆ ಲೋಡ್ ಮುಗೀಬೇಕು. ಹತ್ತಕ್ಕೆ ಮಲಗ್ತೀನಿ, ಎರಡೂವರೆಗೆ ಹೊರಡ್ತೀನಿ. ಯಾವತ್ತಾದರೂ ಕೆಲಸ ತಡವಾದರೆ ಅಂಗಡಿಯವರಿಗೆ ಮುಂಚೆಯೇ, "ಸಾರ್, ಇವತ್ತು ಅರ್ಧ ಗಂಟೆ ತಡ" ಅಂತ ಮೆಸೇಜ್ ಹಾಕ್ತೀನಿ. ಇಷ್ಟು ವರ್ಷದಲ್ಲಿ ಅದಕ್ಕಾಗಿ ಒಬ್ಬರೂ ಮಾಲು ಬೇಡ ಅಂದಿಲ್ಲ.

ಈ ವಾರ ಮಾಡಿ ನೋಡಿ

1. ಟ್ಯಾಂಕ್ ಫುಲ್ ಮಾಡಿಸಿ, ಮೀಟರಿನ ಫೋಟೋ ತೆಗೀರಿ. ಎಂದಿನ ಸ್ಪೀಡಲ್ಲಿ ಮಾರ್ಕೆಟ್‌ಗೆ ಹೋಗಿ ಬನ್ನಿ, ಆದರೆ ನಿಮ್ಮ ಮಿತಿ ದಾಟಬೇಡಿ. ಮತ್ತೆ ಅದೇ ಬಂಕಲ್ಲಿ ಫುಲ್ ಮಾಡಿಸಿ. ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸಿ.
2. ಮುಂದಿನ ಟ್ರಿಪ್ಪು ಅಷ್ಟೇ ಲೋಡಲ್ಲಿ, 60ಕ್ಕೆ ಇಳಿಸಿ ಓಡಿಸಿ. ಮತ್ತೆ ಅದೇ ಲೆಕ್ಕ. ಎರಡು ಮೂರು ಸಲ ಮಾಡಿದರೆ ಸರಿಯಾದ ಅಂಕಿ ಸಿಗುತ್ತೆ.
3. ಎರಡೂ ಸಲ ಹೊರಟ ಟೈಮು, ಮುಟ್ಟಿದ ಟೈಮು ಬರೆದಿಡಿ. ನೀವು ಅಂದುಕೊಂಡಷ್ಟು ತಡ ಆಗಿರೋದಿಲ್ಲ.
4. ಬೈಕಲ್ಲಿ ಹಾಲು, ಹೂವು ಸಾಗಿಸುವವರೂ ಇದನ್ನೇ 50-55ರಲ್ಲಿ ಮಾಡಿ ನೋಡಿ. ತಲೆ ಮೇಲೆ ಹೆಲ್ಮೆಟ್ ಇರಲಿ.

ಆ ಹುಡುಗ ಈಗ ಡಿಗ್ರಿ ಮುಗಿಸಿದ್ದಾನೆ, ಅವರ ಅರ್ಧ ಎಕರೆಯಲ್ಲಿ ತಾನೇ ಸೊಪ್ಪು ಹಾಕಿದ್ದಾನೆ. ಈಗಲೂ ನನ್ನ ಗಾಡಿಯಲ್ಲೇ ಮಾಲು ಕಳಿಸ್ತಾನೆ, ಆಗಾಗ ಜೊತೆಗೂ ಬರ್ತಾನೆ, ಕ್ಯಾಬಿನ್ನಿಗೆ ಒರಗಿ ಈಗಲೂ ಮಲಗ್ತಾನೆ. ಮೊನ್ನೆ ನೆಲಮಂಗಲದ ಹತ್ತಿರ ಎದ್ದು, "ಅಣ್ಣ, ಇನ್ನೂ ಇಲ್ಲೇ ಇದ್ದೀವಾ?" ಅಂದ. "ಇದ್ದೀವಪ್ಪ" ಅಂದೆ.

ಮುಂದಿನ ವಾರ ಬೇಸಿಗೆ ಸೊಪ್ಪಿಗೆ ನೆರಳು ಬಲೆ ಕಟ್ಟೋದು ಹೇಗೆ ಅಂತ ನೋಡೋಣ. ಅಲ್ಲಿವರೆಗೆ ಎಡಗಡೆ ಇರಿ, ನಿಧಾನಕ್ಕೆ ಹೋಗಿ, ಮನೆ ಮುಟ್ಟಿ.